ಕುರಿ ಹದಿನಾಲ್ಕರ ಸೀಸೆಯಲ್ಲಿ ನನ್ನ ಉಣ್ಣಿ

ಡಾಕ್ಟರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಸುಳ್ಳು ಹೇಳಿದವಳು ನಾನು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಕಾಯಿಲೆಯ ಕತೆ ಕೇಳುವವರು ಅರ್ಧಕ್ಕೇ ಡಾಕ್ಟರನ್ನು ಬೈಯಲು ಶುರು ಮಾಡುತ್ತಾರೆ. ನಮ್ಮ ಅತ್ತೆಯೂ ಬೈದರು. "ದಿನಾ ರಕ್ತ ಹಿಂಡಿಕೊಂಡು ಹೊಕ್ಕಾರ, ಒಂದು ಹೆಸರು ಹೇಳಾಕ ಬರವಲ್ದು ಇವರಿಗೆ" ಎಂದರು. ನಿಜಕ್ಕೂ ಬೈಸಿಕೊಳ್ಳಬೇಕಾದವಳು ಅವರ ಕೈಯಿಂದಲೇ ಗಂಜಿ ಕುಡಿಯುತ್ತ ಮಂಚದ ಮೇಲೆ ಬಿದ್ದಿದ್ದಳು.

ನನ್ನ ಹೆಸರು ಸುಜಾತಾ. ಬಳ್ಳಾರಿಯ ಒಂದು ಪಶುರೋಗ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ನನ್ನ ಕೆಲಸ ಉಣ್ಣಿ. ದನ, ಎಮ್ಮೆ, ಕುರಿ, ಮೇಕೆ, ನಾಯಿಗಳ ಮೈಮೇಲಿಂದ ಉಣ್ಣಿ ಹಿಡಿದು, ಸ್ಪಿರಿಟ್ ತುಂಬಿದ ಪುಟ್ಟ ಸೀಸೆಗೆ ಹಾಕಿ, ಯಾವ ಊರು, ಯಾವ ಪ್ರಾಣಿ, ಎಷ್ಟನೇ ನಂಬರು ಎಂದು ಚೀಟಿ ಅಂಟಿಸುವುದು. ಆಮೇಲೆ ಲ್ಯಾಬಿಗೆ ತಂದು ಮೈಕ್ರೋಸ್ಕೋಪಿನ ಕೆಳಗಿಟ್ಟು ಅದರ ಜಾತಿ ಹೇಳುವುದು. "ಜಾತಿ ಬ್ಯಾಡಂತ ಬುದ್ಧನ ಹಿಂದ ಬಂದ್ವಿ, ನನ್ನ ಮಗಳಿಗೆ ಜಾತಿ ಹೇಳೋ ನೌಕರಿ ಸಿಕ್ಕೈತಿ ನೋಡ್ರಿ" ಎಂದು ನಮ್ಮಪ್ಪ ಕಂಡಕಂಡವರ ಎದುರು ನಗಾಡುತ್ತಿದ್ದರು.

ಉಣ್ಣಿಯ ಜಾತಿ ಗೊತ್ತಾಗುವುದು ಮುಖ್ಯವಾಗಿ ಅದರ ಮೂತಿಯಲ್ಲಿ. ಮೂತಿ ಉದ್ದವೋ ಗಿಡ್ಡವೋ, ಅದರ ಬುಡ ಚೌಕವೋ ಆರು ಮೂಲೆಯದೋ, ಕಾಲಿಗೆ ಬಿಳಿ ಪಟ್ಟಿ ಇದೆಯೋ ಇಲ್ಲವೋ ಎಂದು ನೋಡುತ್ತ ಹೋದರೆ ಅದು ತಾನಾಗಿಯೇ ತನ್ನ ಹೆಸರು ಹೇಳುತ್ತದೆ. ಮೂತಿ ಮುರಿದುಹೋಗಿದ್ದರೆ ಕಣ್ಣಿನ ಕೆಲಸ ಮುಗಿಯಿತು. ಅದನ್ನು ಅರೆದು, ಡಿಎನ್‌ಎ ತೆಗೆದು, ಯಂತ್ರಕ್ಕೆ ಹಾಕಬೇಕು. ಅದರೊಳಗೆ ಯಾವ ರೋಗದ ಬೀಜ ಕೂತಿದೆ ಎಂಬುದನ್ನೂ ಆ ಯಂತ್ರವೇ ಹೇಳಬೇಕು.

ನಮ್ಮಜ್ಜಿಗೆ ಯಂತ್ರ ಇರಲಿಲ್ಲ. ಕೊಳಗಲ್ಲಿನ ಗೌಡರ ಕೊಟ್ಟಿಗೆಯಲ್ಲಿ ಎಮ್ಮೆಗಳ ಉಣ್ಣಿಯನ್ನು ಬರಿಗೈಯಲ್ಲಿ ಕಿತ್ತು ಕೆಂಡಕ್ಕೆ ಹಾಕುವುದು ಅವಳ ದಿನದ ಕೆಲಸವಾಗಿತ್ತು. ಉಗುರಿನ ಸಂದಿಯ ರಕ್ತದ ಕಲೆ ಹೋಗದೆ, ಅದೇ ಕೈಯಲ್ಲಿ ಅಪ್ಪನಿಗೆ ರೊಟ್ಟಿ ತಟ್ಟುತ್ತಿದ್ದಳಂತೆ. ಅಪ್ಪ ಅದನ್ನು ನೋಡಿ ಬೆಳೆದವರು. ಹಾಗಾಗಿ ಅವರಿಗೆ ನನ್ನ ಸಂಬಳಕ್ಕಿಂತ ನನ್ನ ಗ್ಲೌಸು ದೊಡ್ಡದು. ನನಗೂ ಹಾಗೆಯೇ. ನಾನು ಉಣ್ಣಿ ಕೀಳುವವಳಲ್ಲ, ಉಣ್ಣಿ ಗುರುತಿಸುವವಳು ಎಂಬ ಅಹಂಕಾರ ಮೈತುಂಬ ಇತ್ತು. ಹೊಸಬರಿಗೆ ತರಬೇತಿ ಕೊಡುವವಳೂ ನಾನೇ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸು, ಗ್ಲೌಸ್ ಹಾಕು, ಫೋರ್ಸೆಪ್ಸನ್ನು ಚರ್ಮಕ್ಕೆ ತಾಗಿಸಿ ನೆಟ್ಟಗೆ ಎತ್ತು, ತಿರುವಬೇಡ, ಹಿಚುಕಬೇಡ. ತಪ್ಪಿದವರ ಮೇಲೆ ರೇಗುತ್ತಿದ್ದೆ.

ಕುರುಗೋಡಿನ ಹತ್ತಿರದ ಒಂದು ಕುರಿಹಟ್ಟಿಯಲ್ಲಿ ಮೂರು ದಿನದ ಕೆಲಸ ಇತ್ತು. ಜೊತೆಗೆ ಖಾದರ್ ಭಾಯ್. ಪ್ರಾಣಿ ಹಿಡಿಯುವುದರಲ್ಲಿ ಅವರಂಥವರಿಲ್ಲ. ಐವತ್ತು ದಾಟಿದ್ದರೂ ಟಗರನ್ನು ಮೊಣಕಾಲಲ್ಲಿ ಅಮುಕಿ ಹಿಡಿದರೆ ಅದು ಮಿಸುಕಬಾರದು. ಮೊದಲ ದಿನ ಚೀಟಿ ಬರೆಯಲು ನಾನು ಒಂದು ಗೋಡೆಗೆ ಒರಗಿ ಕೂತಿದ್ದೆ. ಹಟ್ಟಿಯ ನಾಯಿ ದಿನಾ ಮಲಗುವ ಜಾಗ ಅದು. ನೆರಳಿತ್ತು, ಕೂತೆ.

ಮೂರನೇ ದಿನ ಮಧ್ಯಾಹ್ನ ನೀರು ಕುಡಿಯಲು ಗ್ಲೌಸ್ ಬಿಚ್ಚಿದ್ದೆ. ಬಲಗಿವಿಯ ಹಿಂದೆ, ಕೂದಲೊಳಗೆ ತುರಿಸಿತು. ಬೆರಳಿಗೆ ಹೆಸರುಕಾಳಿನಷ್ಟು ಮೆತ್ತಗಿನದೊಂದು ಸಿಕ್ಕಿತು. ಏನೆಂದು ಬೆರಳಿಗೆ ಗೊತ್ತಾಯಿತು. ತಲೆಗೆ ಗೊತ್ತಾಗುವ ಮೊದಲೇ ಎರಡು ಉಗುರು ಸೇರಿಸಿ ಕಿತ್ತುಬಿಟ್ಟಿದ್ದೆ, ಥೇಟ್ ನಮ್ಮಜ್ಜಿಯ ಹಾಗೆ. ಅಂಗೈಯಲ್ಲಿಟ್ಟುಕೊಂಡು ನೋಡಿದರೆ ಅದಕ್ಕೆ ಮೂತಿಯೇ ಇರಲಿಲ್ಲ. ಮುರಿದು ನನ್ನ ತಲೆಯಲ್ಲೇ ಉಳಿದಿತ್ತು.

ನಮ್ಮ ಕೆಲಸದಲ್ಲಿ ಒಂದು ರೂಢಿ ಇದೆ. ಯಾವ ಪುಸ್ತಕದಲ್ಲೂ ಬರೆದಿಲ್ಲ. ನಮ್ಮ ಬಟ್ಟೆಯ ಮೇಲೆ ಉಣ್ಣಿ ಹರಿದಾಡುವುದು ಕಂಡರೆ, ಎದುರಿಗಿರುವ ಪ್ರಾಣಿಯ ಸೀಸೆಗೆ ಹಾಕಿಬಿಡುತ್ತೇವೆ. ಅದರ ಮೈಯಿಂದಲೇ ತಾನೆ ಬಂದಿರುವುದು ಎಂಬ ಲೆಕ್ಕ. ಆದರೆ ಹರಿದಾಡುವುದು ಬೇರೆ, ಎರಡು ದಿನ ಕಚ್ಚಿಕೊಂಡು ಕೂತು ಉಬ್ಬಿದ್ದು ಬೇರೆ. ಅದು ನನಗೆ ಗೊತ್ತಿತ್ತು. ನನಗಲ್ಲದೆ ಇನ್ನಾರಿಗೆ ಗೊತ್ತಿರಬೇಕು? ಖಾದರ್ ಭಾಯ್ ಮೊಣಕಾಲ ನಡುವೆ ಕುರಿ ನಂಬರ್ ಹದಿನಾಲ್ಕು ಇತ್ತು. ಅದರ ಸೀಸೆಯಲ್ಲಿ ಆರು ಉಣ್ಣಿ ಇದ್ದವು. ನನ್ನದನ್ನೂ ಹಾಕಿ ಮುಚ್ಚಳ ತಿರುವಿದೆ.

"ಇನ್ನೊಂದು ಸಿಕ್ತೇನಕ್ಕಾ?" ಎಂದರು ಖಾದರ್ ಭಾಯ್.

"ಹೂಂ, ಕಿವಿ ಹಿಂದಿತ್ತು" ಎಂದೆ.

ಯಾರ ಕಿವಿ ಎಂದು ಅವರು ಕೇಳಲಿಲ್ಲ. ಆರು ಇದ್ದದ್ದನ್ನು ತಿದ್ದಿ ಏಳು ಎಂದು ಬರೆದೆ. ಸಂಜೆ ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ, ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಮರೆಯಬೇಕೆಂದುಕೊಂಡೆ.

ವಾರ ಕಳೆದ ಮೇಲೆ ಸಿರುಗುಪ್ಪದಲ್ಲಿ ಎಮ್ಮೆಗಳ ಕೆಲಸ ನಡೆಯುತ್ತಿದ್ದಾಗ ಚಳಿ ಹತ್ತಿತು. ಸಿರುಗುಪ್ಪದ ಬಿಸಿಲಿನಲ್ಲಿ ಚಳಿ! ಖಾದರ್ ಭಾಯ್ ತಮ್ಮ ಟವೆಲ್ ಹೊದಿಸಿ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಸುತ್ತಲೂ ಭತ್ತದ ಗದ್ದೆ, ನೀರು, ಸೊಳ್ಳೆ. ಬಂದವರಿಗೆಲ್ಲ ಜ್ವರ. ಇಂಜೆಕ್ಷನ್ ಕೊಟ್ಟರು, ಸಲೈನ್ ಹಾಕಿದರು. ಮನೆಗೆ ಬಂದೆ. ನಮ್ಮದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಬಾಡಿಗೆ ಮನೆ. ಮೂರು ದಿನ ಜ್ವರ ಮಾತ್ರೆಗೆ ಇಳಿದಂತೆ ಮಾಡಿ ಮತ್ತೆ ಏರಿತು. ತಲೆನೋವು ಎಂಥದೆಂದರೆ, ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದರೆ ಅಳು ಬರುತ್ತಿತ್ತು. ನನ್ನ ಗಂಡ ಶಿವರಾಜ್ ಹೈಸ್ಕೂಲು ಮೇಷ್ಟ್ರು, ಮಾತು ಕಡಿಮೆ. ಐದನೇ ದಿನ ಹಣೆ ಮುಟ್ಟಿ ನೋಡಿ, ಒಂದೂ ಮಾತಾಡದೆ ಆಟೋ ತಂದು ನಿಲ್ಲಿಸಿದರು. ಆಗ ನನಗೆ ಭಯ ಆಯಿತು.

ದೊಡ್ಡಾಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಎರಡು ತಾಸು ಕೂತೆವು. ಎಲ್ಲರ ಕೈಯಲ್ಲೂ ರಕ್ತದ ವರದಿಯ ಚೀಟಿ. ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ, "ನಿಮ್ಮದು ಪ್ಲೇಟ್ಲೆಟ್ ಎಷ್ಟು?" ಎಂದೇ ಕೇಳುತ್ತಾರೆ. ಜಾಸ್ತಿ ಇದ್ದವರು ಕಡಿಮೆ ಇದ್ದವರ ಮುಖ ನೋಡಿ ಸುಮ್ಮನಾಗುತ್ತಾರೆ. ನನ್ನ ಚೀಟಿ ನೋಡಿದ ಒಬ್ಬ ಹೆಂಗಸು ತನ್ನ ಜಾಗ ಬಿಟ್ಟುಕೊಟ್ಟು, "ಮಲಕ್ಕೊಳ್ರಿ" ಎಂದಳು. ಅವಳ ಕರುಣೆಯೇ ನನ್ನನ್ನು ಹೆದರಿಸಿತು. ಡೆಂಗಿ ಇರಬಹುದು ಎಂದು ವಾರ್ಡಿಗೆ ಸೇರಿಸಿಕೊಂಡರು.

ಪಕ್ಕದ ಮಂಚದಲ್ಲಿ ಹನುಮಕ್ಕ ಇದ್ದಳು. ಸಿರುಗುಪ್ಪದಾಚೆ, ಹೊಳೆದಂಡೆಯ ಕೆಂಚನಗುಡ್ಡದವಳು. ಮೂವತ್ತು ಮೂವತ್ತೆರಡು ಇರಬಹುದು. ನಾಟಿ ಕೆಲಸಕ್ಕೆ ಹೋಗುವವಳು, ಮನೆಯಲ್ಲಿ ನಾಲ್ಕು ಮೇಕೆ, ಒಂದು ನಾಯಿ. ನನಗಿಂತ ಎರಡು ದಿನ ಮೊದಲು ಬಂದಿದ್ದಳು, ಜ್ವರವೂ ನನಗಿಂತ ಹಳೆಯದು. ಅವಳ ಅಕ್ಕ ಈರಮ್ಮ ಮಂಚದ ಕೆಳಗೆ ಚಾಪೆ ಹಾಸಿಕೊಂಡಿದ್ದಳು.

"ನಿಂದೂ ಡೆಂಗಿನಾ ಅಕ್ಕಾ?" ಎಂದಳು ಹನುಮಕ್ಕ.

"ಅಂತಾರವ್ವ."

"ನಂದೂ ಅದಂತ. ಸೊಳ್ಳಿಗೆ ನಾವಿಬ್ರೂ ಒಂದ ರುಚಿ ಅನಿಸೇವಿ."

ಅಷ್ಟು ಜ್ವರದಲ್ಲೂ ನಗು ಬಂತು. ಕರೆಂಟು ಹೋದಾಗ ತನ್ನ ಎಕ್ಸ್‌ರೇ ಕವರಿನಿಂದ ಒಂದು ಸಲ ತನಗೆ, ಒಂದು ಸಲ ನನಗೆ ಗಾಳಿ ಬೀಸಿದಳು. ಕೈ ಸೋತರೂ ಬಿಡಲಿಲ್ಲ. "ಸಾಕು ಬಿಡವ್ವ" ಎಂದರೆ, "ಬಿಟ್ಟಿ ಗಾಳಿ ಐತಿ, ತಗೋ" ಎಂದಳು.

ಸೋಮವಾರ ಬೆಳಿಗ್ಗೆ ಡಾಕ್ಟರು ಬಂದರು. ನಲವತ್ತರ ಒಳಗಿನವರು, ಸಣ್ಣ ದನಿ. ಡೆಂಗಿಯ ಪರೀಕ್ಷೆ ಎರಡು ಸಲವೂ ಇಲ್ಲವೆಂದು ಬಂದಿತ್ತು. ನನ್ನ ಮಣಿಕಟ್ಟಿನ ಮೇಲೆ ಹುಟ್ಟುತ್ತಿದ್ದ ಕೆಂಪು ಚುಕ್ಕೆಗಳನ್ನು ಒತ್ತಿ ನೋಡಿ ಕೇಳಿದರು. "ದನಕರ, ನಾಯಿ, ಇವುಗಳ ಸಹವಾಸ ಐತೇನ್ರಿ? ಉಣ್ಣಿ ಏನರ ಕಚ್ಚಿತ್ತಾ?"

ಅದೇ ಹೊತ್ತಿಗೆ ನಮ್ಮ ಲ್ಯಾಬಿನ ಮುಖ್ಯಸ್ಥೆ ವೈದೇಹಿ ಮೇಡಂ ಎಳನೀರು ಹಿಡಿದುಕೊಂಡು ನನ್ನನ್ನು ನೋಡಲು ಬಂದು ನಿಂತಿದ್ದರು. ನನಗೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಡಲು ಕಲಿಸಿದವರು ಅವರು. ಪಕ್ಕದಲ್ಲಿ ಖಾದರ್ ಭಾಯ್. ಉಗುರಿನಿಂದ ಕಿತ್ತೆ, ಮೂತಿ ಮುರಿಯಿತು, ಕುರಿಯ ಸೀಸೆಗೆ ಹಾಕಿದೆ ಎಂದು ಇವರ ಎದುರು ಹೇಳಬೇಕಿತ್ತು.

"ಹನ್ನೊಂದು ವರ್ಷದಿಂದ ಉಣ್ಣಿ ಜೋಡಿನ ಅದೀನ್ರಿ ಸಾರ್. ಇವತ್ತಿನ ತನಕ ಒಂದೂ ಕಚ್ಚಿಲ್ಲ" ಎಂದೆ.

ಮೇಡಂ ಅದಕ್ಕೆ ಮುದ್ರೆ ಒತ್ತಿದರು. "ಇವಳ ಮಾತು ನಂಬಬಹುದು ಡಾಕ್ಟ್ರೇ. ನಮ್ಮ ಲ್ಯಾಬಲ್ಲಿ ಎಲ್ಲರಿಗೂ ಎಚ್ಚರಿಕೆ ಹೇಳಿಕೊಡೋಳೇ ಇವಳು."

ಡಾಕ್ಟರು ತಲೆ ಅಲ್ಲಾಡಿಸಿ ಏನೋ ಬರೆದುಕೊಂಡು ಮುಂದೆ ಹೋದರು. ಅವರ ಬೆನ್ನನ್ನೇ ನೋಡುತ್ತಿದ್ದೆ. ಕರೆಯಬಹುದಿತ್ತು. "ಸಾರ್" ಎಂದು ಒಂದು ಸಲ ಅಂದಿದ್ದರೆ ಸಾಕಿತ್ತು. ನಾಳೆಗೆ ಜ್ವರ ಇಳಿದರೆ ಹೇಳುವ ಅಗತ್ಯವೇ ಬೀಳುವುದಿಲ್ಲವಲ್ಲ ಎಂದುಕೊಂಡೆ.

ಜ್ವರ ಇಳಿಯಲಿಲ್ಲ. ಮಂಗಳವಾರ ಸಂಜೆ ಅತ್ತೆ ನನ್ನನ್ನು ಎಬ್ಬಿಸಿ ಕೂರಿಸಿ ತಲೆ ಬಾಚಿದರು. ಬಾಯಿ ಜೋರು, ಕೈ ಮೆತ್ತಗೆ ಅವರದು. ಕಿವಿಯ ಹಿಂದೆ ಬಾಚಣಿಗೆ ನಿಂತಿತು.

"ಏನಬೇ ಇದು? ಸುಟ್ಟಂಗ ಕರ್ರಗ ಆಗೈತಿ?"

"ಪಿನ್ನು ಚುಚ್ಚಿತ್ರೀ ಅತ್ತಿ."

"ಪಿನ್ನು ಚುಚ್ಚಿದ್ರ ಹಿಂಗ ಆಗ್ತೈತೇನು?" ಎಂದು ಗೊಣಗಿ ಅವರು ಜಡೆ ಹೆಣೆದರು. ನಾನು ಅಂಗೈ ಬಿಡಿಸಿ ನೋಡಿಕೊಂಡೆ. ಚುಕ್ಕೆಗಳು ಅಂಗೈಗೆ ಬಂದಿದ್ದವು. ಸಾಮಾನ್ಯ ಜ್ವರದ ಚುಕ್ಕೆ ಅಂಗೈಗೆ, ಅಂಗಾಲಿಗೆ ಬರುವುದು ಕಡಿಮೆ. ನಾಯಿ ಉಣ್ಣಿ ಕಚ್ಚಿದ ಜಾಗದಲ್ಲಿ ಕಪ್ಪು ಹಕ್ಕಳೆ, ಆಮೇಲೆ ಜ್ವರ, ಆಮೇಲೆ ಅಂಗೈ ತನಕ ಚುಕ್ಕೆ: ಇದೇ ಪಾಠವನ್ನು ನಾನು ತರಬೇತಿಗೆ ಬಂದವರಿಗೆ ಚಿತ್ರ ತೋರಿಸಿ ಹೇಳಿದ್ದೇನೆ. ಚಿತ್ರದಲ್ಲಿದ್ದ ಅಂಗೈ ಈಗ ನನ್ನ ಮಡಿಲಲ್ಲಿತ್ತು. ಮುಷ್ಟಿ ಕಟ್ಟಿದೆ. ಬೆಳಿಗ್ಗೆ ಹೇಳಿದರಾಯಿತು, ಒಬ್ಬರೇ ಇದ್ದಾಗ ಹೇಳಿದರಾಯಿತು ಎಂದು ಗೋಡೆಯ ಕಡೆ ಹೊರಳಿ ಮಲಗಿದೆ. ನಾಚಿಕೆ ಎನ್ನುವುದು ಜೀವಕ್ಕಿಂತ ದೊಡ್ಡದಾಗಿ ಕಾಣುವ ಹೊತ್ತೂ ಇರುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಆ ಮಂಚದ ಮೇಲೆ ಇತ್ತು.

ಬುಧವಾರ ಬೆಳಗ್ಗೆ ಈರಮ್ಮನ ಕೂಗಿಗೆ ಎಚ್ಚರವಾಯಿತು. "ಯವ್ವಾ, ನಮ್ಮ ಹನುಮಿ ಹೆಂಗೆಂಗೋ ಮಾಡ್ತಾಳ, ಯಾರರ ಬರ್ರೀ!" ಹನುಮಕ್ಕ ಕಣ್ಣು ಬಿಟ್ಟಿದ್ದಳು, ಆದರೆ ಅಕ್ಕನನ್ನೇ ಗುರುತಿಸುತ್ತಿರಲಿಲ್ಲ. ಮೂಗಿನಿಂದ ರಕ್ತ. "ಮ್ಯಾಕಿ ಬಿಚ್ಚಿ ಬಿಡ್ರಿ, ನೀರಿಗೆ ಹೋಗ್ತಾವು" ಎನ್ನುತ್ತಿದ್ದಳು. ನರ್ಸುಗಳು ಓಡಿ ಬಂದು ಅವಳನ್ನು ಸ್ಟ್ರೆಚರಿಗೆ ಎತ್ತಿದರು. ಎತ್ತುವಾಗ ಒಂದು ಕೈ ಜೋತುಬಿತ್ತು, ನನ್ನ ಮಂಚದ ಕಡೆಗೇ. ನಿನ್ನೆ ಮೊನ್ನೆ ನನಗೆ ಗಾಳಿ ಬೀಸಿದ ಕೈ. ಅಂಗೈ ತುಂಬ ಅದೇ ಚುಕ್ಕೆ, ನನ್ನದಕ್ಕಿಂತ ಕಪ್ಪು. ಹೊದಿಕೆ ಸರಿದ ಪಾದದಲ್ಲೂ ಅದೇ. ಕಾಲ್ಬೆರಳುಗಳ ತುದಿ ನೀಲಿ ತಿರುಗಿತ್ತು.

ಸ್ಟ್ರೆಚರ್ ಬಾಗಿಲು ದಾಟಿತು. ಅವಳ ಮಂಚದ ಮೇಲೆ ಎಕ್ಸ್‌ರೇ ಕವರು ಬಿದ್ದಿತ್ತು. ಅವಳಿಗೂ ನನ್ನದೇ ಜ್ವರ. ನಾಯಿ, ಮೇಕೆ ಸಾಕಿದವಳು. ಸೋಮವಾರ ನಾನು ಹೂಂ ಎಂದಿದ್ದರೆ ಡಾಕ್ಟರು ಪಕ್ಕದ ಮಂಚದ ಕಡೆಯೂ ತಿರುಗಿ ನೋಡುತ್ತಿದ್ದರು. ಎರಡು ದಿನ. ಎರಡು ದಿನ ಅವಳಿಂದ ಗಾಳಿ ಬೀಸಿಸಿಕೊಂಡು, ಅವಳ ಔಷಧಿಯ ಹೆಸರನ್ನು ಬಾಯೊಳಗೆ ಮುಚ್ಚಿಟ್ಟುಕೊಂಡು ಕೂತಿದ್ದೆ.

ಸಲೈನಿನ ಸೂಜಿಯನ್ನು ನಾನೇ ಕಿತ್ತೆನಂತೆ. ಅದು ನೆನಪಿಲ್ಲ. ಬರಿಗಾಲಲ್ಲಿ ಗೋಡೆ ಹಿಡಿದುಕೊಂಡು ಹೊರಗೆ ಬಂದದ್ದು, ಅತ್ತೆ "ಎಲ್ಲಿಗಬೇ, ಬೀಳ್ತಿ!" ಎಂದು ಹಿಂದೆ ಓಡಿ ಬಂದದ್ದು ನೆನಪಿದೆ. ಕಾರಿಡಾರಿನಲ್ಲಿ ಡಾಕ್ಟರು ಇದ್ದರು. ನನ್ನ ದುರದೃಷ್ಟಕ್ಕೆ ವೈದೇಹಿ ಮೇಡಂ ಕೂಡ ಆಗತಾನೆ ಮೆಟ್ಟಿಲು ಹತ್ತಿ ಬರುತ್ತಿದ್ದರು. ಈಗ ಯಾರಿದ್ದರೇನು?

"ಸಾರ್, ಸುಳ್ಳು ಹೇಳೀನಿ. ನನಗ ಉಣ್ಣಿ ಕಚ್ಚಿತ್ತು. ಕುರುಗೋಡಿನಾಗ. ಉಗುರಿಲೆ ಕಿತ್ತೆ. ಆಕಿಗೂ ಕಚ್ಚಿರಬೇಕು ಸಾರ್, ಹನುಮಕ್ಕಗ. ಆಕಿ ಅಂಗೈ ನೋಡ್ರಿ, ನನ್ನ ಅಂಗೈ ನೋಡ್ರಿ."

ಎರಡೂ ಕೈ ಚಾಚಿದೆ. ಡಾಕ್ಟರು ಅಂಗೈ ನೋಡಿದರು, ಕೂದಲು ಸರಿಸಿ ಮೊಬೈಲಿನ ಬೆಳಕು ಹಿಡಿದು ಕಿವಿಯ ಹಿಂದೆ ನೋಡಿದರು. "ಎಷ್ಟು ದಿನ ಆತು?" ಎಂದರು. ಹದಿನೈದು ಎಂದೆ. "ಸೋಮವಾರ ಕೇಳಿದ್ದೆ" ಎಂದರು, ಅಷ್ಟೆ. ನರ್ಸಿಗೆ ಮಾತ್ರೆಯ ಹೆಸರು ಹೇಳಿ, ಐಸಿಯು ಕಡೆ ಓಡಿದರು. ನಡೆಯಲಿಲ್ಲ, ಓಡಿದರು.

ಮೇಡಂ ಮುಖ ನೋಡುವ ಧೈರ್ಯ ಇರಲಿಲ್ಲ. ನೆಲ ನೋಡಿಕೊಂಡೇ ಹೇಳಿದೆ. "ಕುರಿ ಹದಿನಾಲ್ಕರ ಸೀಸೆ, ಮೇಡಂ. ಏಳರಾಗ ಒಂದು ನಂದು. ಮೂತಿ ಇಲ್ಲ."

ಅವರು ನನ್ನ ಕೈಯಿಂದ ಸೋರುತ್ತಿದ್ದ ರಕ್ತವನ್ನು ಕರ್ಚೀಫಿನಿಂದ ಒತ್ತಿ ಹಿಡಿದರು. "ಮೊದಲು ಹೋಗಿ ಮಲಗು" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಬೈಯುವ ಕೆಲಸವನ್ನು ಅತ್ತೆ ಮಾಡಿದರು. "ಊರಿಗೆಲ್ಲಾ ಶಕುನ ಹೇಳೋ ಹಲ್ಲಿ ಬಚ್ಚಲದಾಗ ಬಿದ್ದು ಸತ್ತಿತ್ತಂತ! ಪಿನ್ನು ಚುಚ್ಚಿತ್ತಂತ ಪಿನ್ನು! ನನ್ನ ಮುಂದಾದ್ರೂ ಬಾಯಿ ಬಿಡಾಕ ಏನಾಗಿತ್ತಬೇ ನಿನಗ?" ಎಂದು ವಾರ್ಡೆಲ್ಲ ಕೇಳುವಂತೆ ಬೈದು, ನನ್ನನ್ನು ಅಪ್ಪಿಕೊಂಡು ಅತ್ತರು. ಮಾತ್ರೆ ನುಂಗಿಸಿದವರೂ ಅವರೇ. ಯಾವ ಔಷಧಿ ಅಂಗಡಿಯಲ್ಲೂ ಸಿಗುವ ಹಳೆಯ ಮಾತ್ರೆ ಅದು. ಅದಕ್ಕೆ ಬೇಕಾಗಿದ್ದದ್ದು ನನ್ನ ಒಂದು ಮಾತು.

ಆಮೇಲಿನ ಎರಡು ದಿನ ನನ್ನ ಜ್ವರದ ಬಗ್ಗೆ ನಾನು ಯೋಚಿಸಲಿಲ್ಲ. ಐಸಿಯು ಬಾಗಿಲು ತೆರೆದ ಸದ್ದಾದರೆ ಎದ್ದು ಕೂರುತ್ತಿದ್ದೆ. ಹೊರಗೆ ಈರಮ್ಮ ಕೂತಿರುತ್ತಿದ್ದಳು, ತಂಗಿಯ ಬಳೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು. ಒಬ್ಬ ನರ್ಸಮ್ಮ ಹನುಮಕ್ಕನ ಮೈಯೆಲ್ಲ ಹುಡುಕಿದಳಂತೆ. ಹೊರಗೆ ಬಂದು "ಕಲೆ ಸಿಕ್ತು, ಅದೇ ಉಣ್ಣಿ ಜ್ವರ" ಎಂದಳು. ಎಲ್ಲಿ ಸಿಕ್ಕಿತು ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವಳಿಗೂ ಅದೇ ಔಷಧಿ ಶುರುವಾಗಿತ್ತು. ಕಿಡ್ನಿ ಕೈಕೊಟ್ಟೀತು ಎಂದು ಡಾಕ್ಟರು ಹೇಳಿದ್ದನ್ನು ಈರಮ್ಮ ನನಗೆ ಹೇಳಿ, "ಅಂದ್ರ ಏನಕ್ಕಾ?" ಎಂದು ಕೇಳಿದಳು. "ಏನೂ ಆಗೂದಿಲ್ಲ" ಎಂದೆ. ಮತ್ತೊಂದು ಸುಳ್ಳು.

ಶುಕ್ರವಾರ ಬೆಳಿಗ್ಗೆ ನನ್ನ ಮೈ ಬೆವರಿ ತಣ್ಣಗಾಯಿತು. ಹನುಮಕ್ಕ ಅದೇ ಸಂಜೆ ಕಣ್ಣು ಬಿಟ್ಟು ಅಕ್ಕನ ಹೆಸರು ಹಿಡಿದು ಕರೆದಳು. ಜೀವ ಉಳಿಯಿತು. ಆದರೆ ಬಲಗಾಲಿನ ಎರಡು ಬೆರಳು ಇದ್ದಿಲಿನಂತೆ ಕಪ್ಪಾಗಿ ಸತ್ತುಹೋಗಿದ್ದವು. ಅವನ್ನು ತೆಗೆಯಬೇಕಾಯಿತು. ಆ ಸುದ್ದಿ ಕೇಳುವಾಗ ನನ್ನ ಡಿಸ್ಚಾರ್ಜ್ ಚೀಟಿ ನನ್ನ ಕೈಯಲ್ಲಿತ್ತು. ನನ್ನ ಕಾಲಿನ ಹತ್ತೂ ಬೆರಳು ನೆಟ್ಟಗಿದ್ದವು.

ಎರಡು ವಾರದ ಮೇಲೆ ಮೇಡಂ ಮನೆಗೆ ಬಂದರು. ಕುರಿ ಹದಿನಾಲ್ಕರ ಸೀಸೆಯನ್ನು ಅವರೇ ತೆರೆದು ನೋಡಿದ್ದರು. ಮೊಬೈಲಿನಲ್ಲಿ ಫೋಟೋ ತೋರಿಸಿದರು. ಆರು ಉಣ್ಣಿಗಳು ಕುರಿಯವೇ, ಮೂತಿಯ ಎರಡೂ ಪಕ್ಕ ಹೊರಚಾಚಿದ್ದು ನನಗೂ ಕಂಡಿತು. ಏಳನೆಯದಕ್ಕೆ ಮುಖವೇ ಇಲ್ಲ.

"ಬೆನ್ನು ನೋಡಿ ಅನುಮಾನ ಬಂತು. ಅನುಮಾನ ಸಾಲದಲ್ಲ, ಡಿಎನ್‌ಎ ತೆಗೆಸಿದೆ. ನಾಯಿ ಉಣ್ಣಿ. ಅದರೊಳಗೆ ರೋಗದ ಬೀಜಾನೂ ಇತ್ತು. ಇನ್ನೂ ಒಂದು ನೋಡಿಸಿದೆ ಸುಜಾತಾ. ಹೊಟ್ಟೇಲಿದ್ದ ರಕ್ತ ಕುರೀದಲ್ಲ, ಮನುಷ್ಯರದು."

ನಾನು ಫೋಟೋ ನೋಡುತ್ತಿದ್ದೆ.

"ನೀನು ಹೇಳದೇ ಹೋಗಿದ್ರೆ ಏನಾಗ್ತಿತ್ತು ಗೊತ್ತಾ? ಮುಂದೊಂದು ದಿನ ಆ ಸೀಸೆ ಪರೀಕ್ಷೆಗೆ ಹೋಗ್ತಿತ್ತು. ಕುರುಗೋಡಿನ ಕುರಿಗಳಲ್ಲಿ ಈ ರೋಗ ಇದೆ ಅಂತ ನಾನೇ ಸಹಿ ಮಾಡಿ ಕಳಿಸ್ತಿದ್ದೆ. ನಾಯಿ ಹಾಯಾಗಿ ಹಟ್ಟೀಲಿ ಮಲಗಿರ್ತಿತ್ತು."

ಜೊತೆಗೆ ಬಂದಿದ್ದ ಖಾದರ್ ಭಾಯ್ ಚಹಾದ ಬಟ್ಟಲು ಕೆಳಗಿಟ್ಟು, ಕೆಮ್ಮಿ, "ತಪ್ಪಾತ್ರೀ ಮೇಡಂ, ನಾನೂ ಒಂದೆರಡು ಸಲ ನನ್ನ ಮೈಯಾಗಿಂದು ತೆಗೆದು ಎಮ್ಮಿ ಸೀಸೇಕ ಹಾಕೀನಿ" ಎಂದರು. ಮೇಡಂ ಹಣೆ ಚಚ್ಚಿಕೊಂಡರು. ಅಂದಿನಿಂದ ಮೇಡಂ, ಕಚ್ಚಿಸಿಕೊಂಡವರು ನಾಚಿಕೊಳ್ಳದೆ ಹೇಳಲಿ ಎಂದು ವಾರಕ್ಕೊಮ್ಮೆ ಎಲ್ಲರನ್ನೂ ಕೂರಿಸಿಕೊಂಡು, ಮೊದಲು ತಾವೇ ಹಿಂದೊಮ್ಮೆ ಕಚ್ಚಿಸಿಕೊಂಡ ಕತೆ ಹೇಳುತ್ತಾರೆ. ಅವರಿಗೂ ಕಚ್ಚಿತ್ತು ಎಂದು ನನಗೆ ಹನ್ನೊಂದು ವರ್ಷ ಗೊತ್ತೇ ಇರಲಿಲ್ಲ.

ಇದನ್ನು ಓದುತ್ತಿರುವ ಯಾರಿಗಾದರೂ ಇಂಥದೇ ಜ್ವರ ಬಂದಿದ್ದರೆ, ಕಿವಿಯ ಹಿಂದೆ, ಕಂಕುಳಲ್ಲಿ, ಸೊಂಟದ ಪಟ್ಟಿಯ ಕೆಳಗೆ ಒಮ್ಮೆ ಕೈಯಾಡಿಸಿ ನೋಡಿಕೊಳ್ಳಿ. ಡಾಕ್ಟರು ಕೇಳದಿದ್ದರೂ ಹೇಳಿ. ಹೇಳಿದ್ದಕ್ಕೆ ಯಾರೂ ಸತ್ತಿಲ್ಲ.

ಹನುಮಕ್ಕನನ್ನು ನೋಡಲು ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಸಿರುಗುಪ್ಪದವರೆಗೆ ಬಸ್ಸು, ಅಲ್ಲಿಂದ ಆಟೋ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿದೆ. ಅವಳು ಅಂಗಳದಲ್ಲಿ ಕೂತು ಮೇಕೆಗೆ ಸೊಪ್ಪು ಹಾಕುತ್ತಿದ್ದಳು, ಬಲಗಾಲಿಗೆ ಅಗಲವಾದ ರಬ್ಬರ್ ಚಪ್ಪಲಿ. ನನ್ನನ್ನು ನೋಡಿ ಮುಖ ಅರಳಿತು. "ಈರಕ್ಕಾ, ಆಸ್ಪತ್ರಿ ಅಕ್ಕ ಬಂದಾಳ, ಚಾ ಇಡು!" ಎಂದು ಒಳಗೆ ಕೂಗಿದಳು. ತಂಗಿ ಎದ್ದು ಓಡಾಡುವವರೆಗೆ ಈರಮ್ಮ ಅಲ್ಲೇ ಉಳಿದಿದ್ದಳು.

ಚಹಾ ಬರುವ ಮೊದಲೇ ಹೇಳಿಬಿಟ್ಟೆ. ಚಹಾ ಕುಡಿದ ಮೇಲೆ ಹೇಳುವುದು ಮೋಸ ಎನಿಸಿತು. "ಹನುಮಕ್ಕ, ಡಾಕ್ಟರು ಸೋಮವಾರ ನನ್ನ ಕೇಳಿದ್ರು, ಉಣ್ಣಿ ಕಚ್ಚಿತ್ತಾ ಅಂತ. ಕಚ್ಚಿತ್ತು. ಇಲ್ಲ ಅಂದೆ. ಅವತ್ತ ಹೇಳಿದ್ರ ನಿನಗೂ ಅವತ್ತ ಔಷಧ ಸಿಗ್ತಿತ್ತು. ನಿನ್ನ ಬೆರಳು ಉಳಿತಿದ್ವು."

ಅವಳು ಸೊಪ್ಪು ಹಾಕುವುದನ್ನು ನಿಲ್ಲಿಸಿದಳು. ಮೇಕೆ ಅವಳ ಕೈಯಿಂದಲೇ ಎಳೆದು ತಿನ್ನತೊಡಗಿತು. ಎದ್ದು ಹೋಗು ಎನ್ನುತ್ತಾಳೆ ಎಂದುಕೊಂಡೆ.

"ನನ್ನೂ ಕೇಳಿದ್ರಕ್ಕಾ" ಎಂದಳು. "ನೀ ಬರೋ ಹಿಂದಿನ ದಿನ. ನಂಗೂ ಗೊತ್ತಿತ್ತು. ನಾನ ಕಿತ್ತು ಒಲಿಗೆ ಹಾಕಿದ್ದೆ. ಇಲ್ಲ ಅಂದೆ."

"ಯಾಕವ್ವ?"

"ಮಂಚದ ಸುತ್ತ ಐದಾರು ಮಂದಿ ಗಂಡಸರು ನಿಂತಿದ್ರು, ಡಾಕ್ಟರ್ ಆಗಾಕ ಓದೋರಂತ. ಹೂಂ ಅಂದ್ರ ಎಲ್ಲಿ ತೋರ್ಸು ಅಂತಾರ." ಅವಳು ತೊಡೆಯ ಸಂದಿಯ ಕಡೆ ಕಣ್ಣಿನಿಂದಲೇ ತೋರಿಸಿದಳು. "ಎಲ್ಲಿಂದ ತೋರಿಸ್ಲಿ? ಸತ್ರ ಸಾಯ್ತೀನಿ ಅಂತ ಸುಮ್ನಾದೆ."

ಈರಮ್ಮ ಚಹಾ ತಂದಿಟ್ಟು ಒಳಗೆ ಹೋದಳು. ಇಬ್ಬರೂ ಕುಡಿಯಲಿಲ್ಲ.

"ನಂದು ಹಂಗ" ಎಂದಳು ಹನುಮಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯಬೇಕಿತ್ತು ಅವಳಿಗೆ. "ನಿಂದು ಕಿವಿ ಹಿಂದ ಇತ್ತಂತ. ನೀ ಓದಿದಾಕಿ. ಅದ ನಿನ್ನ ಕೆಲಸ ಅಂತ. ನಿನಗೇನ್ ಧಾಡಿ ಆಗಿತ್ತಕ್ಕಾ?"

ದಾರಿಯಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಇತ್ತು. ಯಾವುದೂ ಅವಳ ಮುಂದೆ ಹೇಳುವಂಥದ್ದಾಗಿರಲಿಲ್ಲ.

"ಏನೂ ಆಗಿದ್ದಿಲ್ಲ ಹನುಮಕ್ಕ" ಎಂದೆ. "ನನಗ ಏನೂ ಆಗಿದ್ದಿಲ್ಲ."